ಮುಂಡಗೋಡದ ಕೌದಿ, ಸಂಡೂರಿನ ಮಣಿ

ಹುಬ್ಬಳ್ಳಿಯಿಂದ ಹೊರಟ ಮುಂಡಗೋಡದ ಬಸ್ಸು ತಡಸ ದಾಟಿತೆಂದರೆ ಬಯಲು ಮುಗಿದು ಸಾಗುವಾನಿ ಮರಗಳು ಶುರುವಾಗುತ್ತವೆ. ಮುಂಡಗೋಡ ಅಂದರೆ ಹೆಚ್ಚಿನವರಿಗೆ ಟಿಬೆಟನ್ ಕಾಲೊನಿ. ನಮ್ಮ ಬಸ್ಸಿನ ಅರ್ಧ ಸೀಟಲ್ಲಿ ಕೆಂಪು ಬಟ್ಟೆಯ ಲಾಮಾಗಳೇ ಕೂತಿದ್ದರು. ಅವರು ಕ್ಯಾಂಪಿನ ಕಡೆ ಹೋದರು. ನಾನು ಮತ್ತು ನನ್ನ ಗೆಳತಿ ಯಲ್ಲಾಪುರದ ರಸ್ತೆ ಹಿಡಿದೆವು. ಸಿದ್ದಿ ಹೆಂಗಸರು ಹೊಲಿಯುವ ಕೌದಿ, ಅಂದರೆ ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ, ನೋಡಬೇಕು ಅಂತ ಅವಳು ಬಹಳ ದಿನದಿಂದ ಹೇಳುತ್ತಿದ್ದಳು. ಆ ಕಡೆ ಅವಳಿಗೆ ಪರಿಚಯದ ಒಂದು ಮನೆಯೂ ಇತ್ತು.

ಉತ್ತರ ಕರ್ನಾಟಕದವರಿಗೆ ಕೌದಿ ಹೊಸದಲ್ಲ. ಅಜ್ಜಿಯ ಸೀರೆ, ಅಜ್ಜನ ಧೋತರ, ಹರಿದ ಅಂಗಿ ಎಲ್ಲ ಸೇರಿ ಕೌದಿಯಾಗುತ್ತಿತ್ತು. ಊರೂರು ತಿರುಗುವ ಹೆಂಗಸರು ಬಂದು, ಕಟ್ಟೆಯ ಮೇಲೆ ಕೂತು ಹೊಲಿದುಕೊಟ್ಟು, ಜೋಳವನ್ನೋ ದುಡ್ಡನ್ನೋ ತಗೊಂಡು ಹೋಗುತ್ತಿದ್ದರು. ಈ ಮನೆಯಲ್ಲಿ ನೋಡಿದ್ದು ಬೇರೆ ಥರದ ಕೆಲಸ.

ಸಿದ್ದಿಯರ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಶಿರಸಿ ತಾಲ್ಲೂಕುಗಳಲ್ಲಿ ಇರುವವರು. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿಯೋ ಉರ್ದುವೋ ಇರಬಹುದು, ಸಂತೆಗೆ ಬಂದರೆ ಕನ್ನಡ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಷ್ಟು ತಡ.

ನಾವು ಹೋದಾಗ ಮಧ್ಯಾಹ್ನ. ಗದ್ದೆ ಕೆಲಸ ಮುಗಿದಿತ್ತು, ಮಳೆ ಇನ್ನೂ ದೂರ ಇತ್ತು. ಕೌದಿ ಹೊಲಿಯಲು ಇದೇ ಸರಿಯಾದ ಕಾಲ. ಸಗಣಿ ಸಾರಿಸಿದ ಜಗಲಿಯ ಮೇಲೆ ಮನೆಯ ಹಿರಿಯಮ್ಮ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಹಳೇ ಸೀರೆ. ಪಕ್ಕದ ಚೀಲದಲ್ಲಿ ಬಟ್ಟೆಯ ತುಂಡುಗಳು: ಲುಂಗಿ, ಸ್ಕೂಲ್ ಯೂನಿಫಾರ್ಮು, ನೈಟಿ, ಯಾವುದೋ ಪಕ್ಷದ ಬಾವುಟ.

"ಕೂಡ್ರಿ. ಚಾ ಆಗ್ತದ," ಅಂದರು. ಸೂಜಿ ಮಾತ್ರ ನಿಲ್ಲಲಿಲ್ಲ.

ಅವರ ಕೈ ನೋಡುತ್ತಾ ಕೂತರೆ ಮೊದಲು ಗೊತ್ತಾಗುವುದು ಕೆಲಸ ಎಲ್ಲಿಂದ ಶುರು ಎಂಬುದು. ತುಂಡುಗಳನ್ನೆಲ್ಲ ಮೊದಲೇ ಜೋಡಿಸಿ, ಆಮೇಲೆ ಕೆಳಗೆ ಬಟ್ಟೆ ಇಟ್ಟು ಹೊಲಿಯುವ ಪದ್ಧತಿ ಇಲ್ಲಿಲ್ಲ. ಮೊದಲು ಅಡಿಯ ಸೀರೆ ಹಾಸುತ್ತಾರೆ. ಒಂದು ಮೂಲೆ ಹಿಡಿದು, ಅಂಚು ಒಳಗೆ ಮಡಚಿ, ಅದರ ಮೇಲೊಂದು ತುಂಡು ಇಟ್ಟು ಹೊಲಿಯುತ್ತಾರೆ. ಆ ತುಂಡು ಮುಗಿಯುವ ಹೊತ್ತಿಗೆ ಚೀಲಕ್ಕೆ ಕೈ ಹಾಕಿ ಇನ್ನೊಂದು ತೆಗೆಯುತ್ತಾರೆ. ಹೀಗೆ ನಾಲ್ಕೂ ಅಂಚು ಸುತ್ತಿ ಬಂದು, ಮತ್ತೆ ಅದರ ಒಳಗೆ ಇನ್ನೊಂದು ಸುತ್ತು. ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ತುಂಡು ಜೋಡಿಸುವುದೂ ಪದರ ಬಿಗಿಯುವುದೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಒಳಗೆ ಹತ್ತಿ ತುಂಬುವುದಿಲ್ಲ. ತುಂಡಿನ ಮೇಲೆ ತುಂಡು ಬಿದ್ದೇ ದಪ್ಪ ಬರುವುದು.

ಹೊಲಿಗೆ ಅಂದರೆ ಅತಿ ಸರಳ. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ದಪ್ಪ ಬಿಳಿ ದಾರ. ನಾನು ಹತ್ತಿರ ಬಾಗಿ ನೋಡಿದೆ. ಸಾಲುಗಳ ನಡುವೆ ಒಂದು ಬೆರಳಿನಷ್ಟೂ ಜಾಗ ಇರಲಿಲ್ಲ. ಸಾಲು ನೇರವಾಗಿಯೂ ಇರಲಿಲ್ಲ. ದಪ್ಪ ತುಂಡು ಅಡ್ಡ ಬಂದ ಕಡೆ ಸ್ವಲ್ಪ ಬಾಗಿ, ಮತ್ತೆ ದಾರಿಗೆ ಬರುತ್ತಿತ್ತು. ಕೈಯಾಡಿಸಿದರೆ ಬಟ್ಟೆ ಎಲ್ಲ ಸಣ್ಣ ಸಣ್ಣ ಏರಿಳಿತ. ಸ್ಕೇಲಿಲ್ಲ, ಚಾಕ್‌ಪೀಸಿಲ್ಲ, ಚೌಕಟ್ಟಿಲ್ಲ.

ನಾಲ್ಕು ಮೂಲೆಗೂ ಒಂದೊಂದು ಪುಟ್ಟ ತ್ರಿಕೋನ ಬರಬೇಕು. ಬಣ್ಣಬಣ್ಣದ ಬಟ್ಟೆಯನ್ನು ಪದರ ಪದರವಾಗಿ ಮಡಚಿ ಮಾಡಿದ್ದು. ಅದಕ್ಕೆ 'ಫುಲಾ' ಅಂತಾರೆ. ಇದು ಏತಕ್ಕೆ ಬೇಕು ಅಂತ ಗೆಳತಿ ಕೇಳಿದಳು.

"ಅದು ಇಲ್ದೆ ಇದ್ರ ಕೌದಿ ಬತ್ಲೆ ಕಾಣ್ತದ," ಅಂದರು ಹಿರಿಯಮ್ಮ. ಅವರ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕರು.

ಹೊಲಿದು ಮಡಚಿಟ್ಟ ಕೌದಿಗಳನ್ನು ಸೊಸೆ ಒಂದೊಂದಾಗಿ ತಂದು ಹಾಸಿದರು. ಹಾಸಲಿಕ್ಕೂ ಹೊದೆಯಲಿಕ್ಕೂ ಎರಡಕ್ಕೂ ಆಗುವಂಥವು. ಇಡೀ ಮನೆಮಂದಿ ಮಲಗುವಷ್ಟು ದೊಡ್ಡದನ್ನು ಎತ್ತಲು ಇಬ್ಬರು ಬೇಕಾಯಿತು. ನನಗೆ ಜಾಸ್ತಿ ಹಿಡಿಸಿದ್ದು ಕೂಸಿನ ಕೌದಿ. ಚಿಕ್ಕ ಚಿಕ್ಕ ಬಣ್ಣದ ಚೌಕಗಳು, ಒಂದರ ಮೇಲೊಂದು. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಬರುವುದೂ ಇದೆ. ಕೊನೆಯ ತುಂಡು ಮುಚ್ಚುವ ಮುಂಚೆ ಕೆಲವರು ನಡುವೆ ನಾಲ್ಕು ಕಾಳು ಅಕ್ಕಿ ಇಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಈ ಕೆಲಸ ಹೊರಗೆ ಗೊತ್ತಾಗಿದ್ದರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರುವಾಲ್ ಅವರ ಪಾಲು ದೊಡ್ಡದು. ಆಫ್ರಿಕಾದ ಕಲೆ ಓದಿಕೊಂಡಿದ್ದವರು ಸಿದ್ದಿಯರನ್ನು ಹುಡುಕಿಕೊಂಡು ಇಲ್ಲಿಗೆ ಬಂದು, ಕೌದಿ ನೋಡಿ ನಿಂತುಬಿಟ್ಟರು. 2004ರಲ್ಲಿ ಹೆಂಗಸರ ಒಂದು ಸಹಕಾರಿ ಗುಂಪು ಕಟ್ಟಲು ಕೈಜೋಡಿಸಿದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೇ ನಡೆಯಿತು. ಹುಬ್ಬಳ್ಳಿಯಲ್ಲಿ ಕೌದಿಯನ್ನು ಅಟ್ಟಕ್ಕೆ ಎಸೆದ ನಮ್ಮಂಥವರಿಗೆ ಇದು ಸ್ವಲ್ಪ ಚುಚ್ಚುವ ವಿಷಯವೇ, ಅಲ್ವಾ?

ಹೊರಗಿನವರು ಕೊಳ್ಳತೊಡಗಿದ ಮೇಲೆ ಬೇರೆ ತಕರಾರು. ಪೇಟೆಯ ಗಿರಾಕಿಗೆ ನೀಲಿ ಜೊತೆ ಬಿಳಿ ಬೇಕು, ಗೋಡೆಗೆ ಮ್ಯಾಚ್ ಆಗಬೇಕು, ಬಟ್ಟೆ ಹೊಸದಿರಬೇಕು. ಹೀಗೆ ಆರ್ಡರ್ ಮೇಲೆ ಹೊಲಿದದ್ದನ್ನೂ ಸೊಸೆ ತೋರಿಸಿದರು. ಹೊಲಿಗೆ ಅಷ್ಟೇ ಚಂದ ಇತ್ತು. ಆದರೂ ಪೇಲವ. ಯೂನಿಫಾರ್ಮಿನ ಪಕ್ಕ ಹೂವಿನ ನೈಟಿ, ಅದರ ಪಕ್ಕ ಬಾವುಟ ಎಂದು ಇಡುವ ಕಣ್ಣು ಅದರಲ್ಲಿ ಇರಲೇ ಇಲ್ಲ. ಮನೆಗೆ ಹೊಲಿದುಕೊಂಡದ್ದರಲ್ಲಿ ಮಾತ್ರ ಆ ಧೈರ್ಯ. ಹಾಗಂತ ಆರ್ಡರ್ ಬೇಡ ಅನ್ನಲು ನಾವ್ಯಾರು? ದುಡ್ಡು ಬರುವುದು ಅದರಿಂದಲೇ.

ಮುಂಡಗೋಡ ಸುತ್ತ ಲಂಬಾಣಿ ತಾಂಡಾಗಳೂ ಇವೆ. ಬಸ್‌ಸ್ಟ್ಯಾಂಡಿನಲ್ಲಿ ಕನ್ನಡಿ ಹೊಳೆಯುವ ರವಿಕೆಯ ಅಜ್ಜಿಯೊಬ್ಬರನ್ನು ನೋಡಿದ ಮೇಲೆ ಗೆಳತಿಯ ತಲೆಗೆ ಲಂಬಾಣಿ ಕಸೂತಿಯ ಸಂಡೂರು ಹೊಕ್ಕಿತು. ಸರಿ, ಹುಬ್ಬಳ್ಳಿಗೆ ವಾಪಸ್ ಬಂದು ಹೊಸಪೇಟೆಯ ಬಸ್ಸು ಹತ್ತಿದೆವು. ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ, ಬರೀ ಸೆಖೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವಾಗ ಅದಿರು ಲಾರಿಗಳ ಕೆಂಪು ಧೂಳು.

ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಇದೆ. 1984ರಲ್ಲಿ ಶುರುವಾದದ್ದು. ತಾಂಡಾಗಳ ಹೆಂಗಸರು ಕಸೂತಿ ಮಾಡುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1755 ಲಂಬಾಣಿ ಕಸೂತಿ ತುಣುಕುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

ಮಣಿ, ಕವಡೆ, ಗೆಜ್ಜೆ, ನಾಣ್ಯ, ಕನ್ನಡಿ ಇಷ್ಟೂ ಬಟ್ಟೆಯ ಮೇಲೆ ನಿಲ್ಲಬೇಕು, ತೊಟ್ಟುಕೊಂಡು ಕುಣಿದರೂ ಉದುರಬಾರದು. ಕನ್ನಡಿ ಚೂರಿಗೆ ತೂತು ಇರುವುದಿಲ್ಲವಲ್ಲ. ಅದರ ಮೇಲೆ ಮೊದಲು ಅಡ್ಡಡ್ಡ, ಉದ್ದುದ್ದ ದಾರ ಎಳೆದು ಕಟ್ಟುತ್ತಾರೆ. ಆಮೇಲೆ ಆ ದಾರಗಳನ್ನೇ ಸೂಜಿಯಿಂದ ಹೊರಕ್ಕೆ ಜಗ್ಗಿ ಸುತ್ತಲೂ ಹೆಣೆದುಬಿಟ್ಟರೆ ಚೂರು ಅಲ್ಲಾಡುವುದಿಲ್ಲ. ಕವಡೆಯ ಬೆನ್ನು ಒಡೆದು ದಾರ ದಾಟಿಸುತ್ತಾರೆ. ಸಣ್ಣ ಮಣಿಗಳನ್ನು ಸರ ಪೋಣಿಸಿ ಅಂಚಿಗೆ ಕೂರಿಸುತ್ತಾರೆ. ಹೊಲಿಗೆಗಳಿಗೆ ಕಿಲಣ್, ವೇಲೆ, ನಕ್ರಾ ಅಂತೆಲ್ಲ ಹೆಸರಿವೆ.

ನಿಜ ಹೇಳಬೇಕೆಂದರೆ ಸಂಡೂರಿನಲ್ಲಿ ನನಗೆ ಕೌದಿಯಷ್ಟು ಹೊತ್ತು ಹಿಡಿಯಲಿಲ್ಲ. ಲಂಬಾಣಿ ಕಸೂತಿ ಹತ್ತು ಮಾರು ದೂರದಿಂದಲೇ ಕರೆಯುತ್ತದೆ. ಮಾರುಕಟ್ಟೆಗೆ ಅದನ್ನು ಅರ್ಥ ಮಾಡಿಸುವ ಕಷ್ಟವೇ ಇಲ್ಲ. ಕುಷನ್ ಕವರ್, ಬ್ಯಾಗು, ಜಾಕೆಟ್ಟು, ಯಾವುದರ ಮೇಲೆ ಹಾಕಿದರೂ ಒಪ್ಪುತ್ತದೆ. ಗೆಳತಿ ಇದನ್ನು ಒಪ್ಪುವುದಿಲ್ಲ. ಹಳೇ ಕಾಂಚಳಿಯ (ಲಂಬಾಣಿ ರವಿಕೆಯ) ತೋಳಿನ ಕೆಲಸ ಮತ್ತು ಹೊಸ ಬ್ಯಾಗಿನ ಕೆಲಸ ಒಂದೇ ಅಲ್ಲ, ಕಾಂಚಳಿಯಲ್ಲಿ ಖಾಲಿ ಜಾಗವೇ ಇಲ್ಲ, ಬ್ಯಾಗಿನಲ್ಲಿ ಬರೀ ಖಾಲಿ ಎಂದು ಅವಳ ವಾದ. ಬಸ್ಸಿನಲ್ಲೂ ಅದೇ ಜಗಳ ಆಯಿತು.

ಹೋಗುವುದಾದರೆ ಮಾರ್ಚ್‌ನಿಂದ ಮೇ ಒಳಗೆ ಹೋಗಿ. ಮಳೆ ಬಿದ್ದ ಮೇಲೆ ಮುಂಡಗೋಡದ ಕಡೆ ಎಲ್ಲರೂ ನಾಟಿಗೆ ಇಳಿದಿರುತ್ತಾರೆ, ಸೂಜಿ ಹಿಡಿಯಲು ಯಾರಿಗೂ ಪುರುಸೊತ್ತಿಲ್ಲ. ಗುರುತಿನವರನ್ನು ಕರೆದುಕೊಂಡೇ ಹೋಗಿ. ಸುಮ್ನೆ ಅಂಗಳಕ್ಕೆ ನುಗ್ಗಿ ಫೋಟೊ ತೆಗೆಯಬೇಡಿ. ಕೌದಿಗೆ ಚೌಕಾಸಿ ಮಾಡುವ ಮುಂಚೆ ಅದರಲ್ಲಿ ಒಂದೇ ಒಂದು ಸಾಲಿನ ಹೊಲಿಗೆ ಎಣಿಸಿ ನೋಡಿ. ಆರ್ಡರ್ ಕೊಡುವುದಿದ್ದರೆ ಬಣ್ಣ ಹೇಳಬೇಡಿ. ನಿಮ್ಮ ಮನೆಯ ಹಳೇ ಸೀರೆ, ಲುಂಗಿ, ಅಂಗಿ ಒಗೆದು ಒಣಗಿಸಿ ಚೀಲದಲ್ಲಿ ಕೊಂಡುಹೋಗಿ ಕೊಡಿ. ಕಾಟನ್ ಆದರೆ ಒಳ್ಳೆಯದು, ಸಿಂಥೆಟಿಕ್ ಬಟ್ಟೆ ಸೂಜಿಗೆ ಜಾರುತ್ತದಂತೆ.