ಮೊಬೈಲ್ ಹೇಳುವ ಗಾಳಿ, ಹೊಲಕ್ಕೆ ಬರುವ ಗಾಳಿ

ಮೊಬೈಲಿನಲ್ಲಿ ‘ಗಾಳಿ 14 ಕಿ.ಮೀ., ಪಶ್ಚಿಮ’ ಎಂದಿರುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ಹಳ್ಳಿಯಲ್ಲಿ ಎಣ್ಣೆ (ಕೀಟನಾಶಕ, ಕಳೆನಾಶಕ) ಹೊಡೆಯಲು ಪಂಪು ಹೆಗಲಿಗೇರಿಸುವವರು ಮೊದಲು ಕೇಳಬೇಕಾದ್ದು, ಈ 14 ಎಲ್ಲಿಯ ಗಾಳಿ?

ಅದು ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದ ಗಾಳಿ, ಅದೂ ಸರಾಸರಿ. ಆಳೆತ್ತರದಲ್ಲಿ, ಅಂದರೆ 2 ಮೀಟರಿನಲ್ಲಿ, ಸುಮಾರು ಮುಕ್ಕಾಲು ಪಾಲು ಮಾತ್ರ ಸಿಗುತ್ತದೆ: 14 ಇದ್ದದ್ದು ಹತ್ತೂವರೆ. ಬೆಳೆದು ನಿಂತ ಗೋವಿನಜೋಳದ ಒಳಗೆ ಇನ್ನೂ ಕಡಿಮೆ. ‘ಪಶ್ಚಿಮ’ ಎಂದರೆ ಪಶ್ಚಿಮದಿಂದ ಬರುವ ಗಾಳಿ. ಆದರೆ ಕೆಲವು ಆ್ಯಪ್‌ಗಳ ಬಾಣ ಗಾಳಿ ಹೋಗುವ ಕಡೆಗೆ ಮುಖ ಮಾಡಿರುತ್ತದೆ. ಸಂಖ್ಯೆ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿದ್ದರೆ 3.6ರಿಂದ, ನಾಟ್ ಲೆಕ್ಕದಲ್ಲಿದ್ದರೆ 1.85ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ.

ಬಾಳೆ, ನೆರಳುಪರದೆ, ತಗಡಿನ ಮಾಡು ಇದ್ದವರು ಸರಾಸರಿಯನ್ನು ಬಿಟ್ಟು ‘ಗಸ್ಟ್’ ಎಂಬ ಸಾಲು ನೋಡಬೇಕು. ಅದು ಕೆಲವೇ ಸೆಕೆಂಡುಗಳ ಹೊಡೆತ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಹಾಗಾಗಿ 20ಕ್ಕೆ ಅಲುಗದ ತಗಡು 40ಕ್ಕೆ ಮೊಳೆ ಕೀಳಬಹುದು.

ಇನ್ನು ಗುಡ್ಡದ ಮಾತು. ಆ್ಯಪ್‌ಗಳು ಬಳಸುವ, ಹವಾಮಾನ ಲೆಕ್ಕಹಾಕುವ ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಸುಮಾರು 9ರಿಂದ 28 ಕಿ.ಮೀ. ಅಗಲದ ಚೌಕಗಳಾಗಿ ನೋಡುತ್ತವೆ. ಗುಡ್ಡದ ನೆತ್ತಿ, ಕಣಿವೆ, ನಿಮ್ಮ ಹೊಲ ಎಲ್ಲ ಒಂದೇ ಚೌಕದಲ್ಲಿ ಕರಗಿಹೋಗುತ್ತವೆ. ಆಷಾಢದ ಪಡುವಣ ಗಾಳಿಗೆ ಗುಡ್ಡದ ಪೂರ್ವದ ಬುಡ ಮರೆಯಾಗುತ್ತದೆ. ಸರಾಸರಿ ಇಳಿಯುತ್ತದೆ, ಆದರೆ ದಿಕ್ಕು ಗಳಿಗೆಗೊಮ್ಮೆ ತಿರುಗುತ್ತದೆ. ಕಣಿವೆಯ ಬಾಯಲ್ಲಿ ಅದೇ ಗಾಳಿ ರಭಸವಾಗುತ್ತದೆ. ನವೆಂಬರಿನ ಮೂಡಗಾಳಿಗೆ ಲೆಕ್ಕವೇ ಉಲ್ಟಾ.

ಆದ್ದರಿಂದ ತಿದ್ದುಪಡಿ ನೀವೇ ಕಂಡುಕೊಳ್ಳಬೇಕು. ಇಪ್ಪತ್ತು ದಿನ ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 3ಕ್ಕೆ ಮುನ್ಸೂಚನೆಯ ಸಂಖ್ಯೆಯನ್ನೂ ಹೊಲದ ಗಾಳಿಯನ್ನೂ ಅಕ್ಕಪಕ್ಕ ಬರೆದಿಡಿ. ಬೇವಿನ ಎಲೆ, ಸಣ್ಣ ಟೊಂಗೆ ಬಿಡದೆ ಆಡುತ್ತಿದ್ದರೆ 12ರಿಂದ 19. ಧೂಳು, ಕಾಗದ ಎದ್ದರೆ 20ರಿಂದ 28. ಸಣ್ಣ ಮರವೇ ತೂಗಾಡಿದರೆ 29ರಿಂದ 38. ಈ ಅಂಕಿಗಳೂ 10 ಮೀಟರ್ ಎತ್ತರದವೇ, ನೇರವಾಗಿ ಹೋಲಿಸಬಹುದು. ಕೈಯಲ್ಲಿ ಹಿಡಿಯುವ ಗಾಳಿಮಾಪಕ ಇದ್ದರೆ ಅದರ ಅಳತೆಗೆ ಮೂರನೇ ಒಂದು ಪಾಲು ಸೇರಿಸಿ ಹೋಲಿಸಿ. ದಿಕ್ಕಿಗೆ ಕೋಲಿನ ತುದಿಗೆ ಕಟ್ಟಿದ ಗೊಬ್ಬರದ ಚೀಲದ ಪಟ್ಟಿ ಸಾಕು. ಪಡುವಣಕ್ಕೊಂದು, ಮೂಡಣಕ್ಕೊಂದು ಬೇರೆ ಪುಟ ಇರಲಿ. ಎರಡನ್ನೂ ಬೆರೆಸಿದರೆ ಶ್ರಮ ವ್ಯರ್ಥ.

ಎಣ್ಣೆ ಹೊಡೆಯಲು ಹೊಲದ ಮಟ್ಟದಲ್ಲಿ 3ರಿಂದ 10 ಕಿ.ಮೀ. ಗಾಳಿ ಹದ. ಎಲೆ ಅಲುಗದ ನಸುಕೇ ಒಳ್ಳೆಯದೆಂಬ ನಂಬಿಕೆ ಬಹಳ ಜನರಲ್ಲಿದೆ, ಅದು ತಪ್ಪು. ರಾತ್ರಿ ನೆಲ ತಣಿದು ಕೆಳಗೆ ತಂಪು, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಸಣ್ಣ ಹನಿಗಳು ಚದುರದೆ ತೇಲಿ ಇಳಿಜಾರಿನ ಹೊಲ ಸೇರುತ್ತವೆ. ಊದುಬತ್ತಿ ಹಚ್ಚಿ ನೋಡಿ: ಹೊಗೆ ಮೇಲೇರದೆ ಅಡ್ಡಡ್ಡ ಹಾಸಿಕೊಂಡರೆ ಬಿಸಿಲೇರುವವರೆಗೆ ಕಾಯಬೇಕು. ಬಿಳಿಜೋಳಕ್ಕೆ 2,4-ಡಿ ಕಳೆನಾಶಕ ಹೊಡೆಯುವವರ ಪಕ್ಕ ಹತ್ತಿ ಇದ್ದರಂತೂ ಎಚ್ಚರ. ಹತ್ತಿಗೆ ಅದು ತುಸು ಸೋಕಿದರೂ ಎಲೆ ಬೆರಳಿನಂತೆ ಸೀಳಿ ಮುರುಟುತ್ತದೆ. ಹತ್ತು, ಹನ್ನೊಂದು ಗಂಟೆಯ ನಂತರ ಕಾದ ನೆಲ ಮೇಲಿನ ರಭಸದ ಗಾಳಿಯನ್ನು ಕೆಳಗೆಳೆಯುತ್ತದೆ, ಹೊತ್ತು ಮುಗಿಯಿತು.

ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಬಿರುಗಾಳಿಯನ್ನು ಮಾತ್ರ ಐದು ದಿನದ ಮುನ್ಸೂಚನೆಯಲ್ಲಿ ಹುಡುಕಬೇಡಿ. ಮಂಗಳವಾರ, ಶುಕ್ರವಾರ ಬರುವ ಹವಾಮಾನ ಇಲಾಖೆಯ ಕೃಷಿ ಸಲಹೆ ಗಾಳಿಯ ಒಟ್ಟು ಸ್ವಭಾವ ಹೇಳುತ್ತದೆ. ಬಿರುಗಾಳಿಗೆ ಅದೇ ಇಲಾಖೆಯ ‘ನೌಕಾಸ್ಟ್’, ಅಂದರೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆ, ನೋಡಬೇಕು. 12 ತೋರಿಸುತ್ತಿದ್ದ ದಿನವೇ ಸಂಜೆ ಐವತ್ತರ ಹೊಡೆತ ಬರಬಹುದು: ಮೋಡದಿಂದ ಬೀಳುವ ತಣ್ಣನೆಯ ಗಾಳಿ ನೆಲಕ್ಕಪ್ಪಳಿಸಿ ಮಳೆಗಿಂತ ಕೆಲವು ಕಿ.ಮೀ. ಮುಂದೆ ಓಡುತ್ತದೆ. ಸೆಕೆಯ ನಡುವೆ ಒಮ್ಮೆಲೇ ತಂಪು ತಾಗಿ, ದಿಗಂತದಲ್ಲಿ ಧೂಳಿನ ಗೋಡೆ ಕಂಡರೆ ಕಣದ ರಾಶಿಗೆ ತಾಡಪತ್ರಿ ಹೊದಿಸಿ ಕಲ್ಲು ಹೇರಲು ಸಿಗುವುದು ಕೆಲವೇ ನಿಮಿಷ.