ಹಂಪಿಯ ಮ್ಯಾಪ್ ಮಾಡುವಾಗ ಕಲಿತದ್ದು

ಹೋಂಸ್ಟೇ ನಡೆಸುವವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. "ಒಂದು ಮ್ಯಾಪ್ ಹಾಕಿಕೊಡಿ" ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಜಾಗ ತೋರಿಸೋದಾದ್ರೆ ಗೂಗಲ್ ಮ್ಯಾಪ್ಸ್ ಕೊಡುವ ಎಂಬೆಡ್ ಕೋಡ್ ಸಾಕು, ಕಾಪಿ ಮಾಡಿ ಅಂಟಿಸಿದರೆ ಆಯಿತು.

ಹಂಪಿಗೆ ಅದು ಸಾಲದು. ದೇವಸ್ಥಾನ, ಮಂಟಪ, ಪುಷ್ಕರಣಿ ಎಲ್ಲಕ್ಕೂ ಪಿನ್ ಬೇಕು, ಒತ್ತಿದರೆ ವಿವರ ಬರಬೇಕು. ಇದಕ್ಕೆ ನಾನು ಲೀಫ್‌ಲೆಟ್ ಬಳಸುತ್ತೇನೆ. ವೆಬ್‌ಸೈಟಿನಲ್ಲಿ ಮ್ಯಾಪ್ ತೋರಿಸಲು ಸಿದ್ಧವಾಗಿ ಸಿಗುವ ಕೋಡ್ ಅದು, 2011ರಲ್ಲಿ ಬಂದದ್ದು, ಉಚಿತ, ತುಂಬಾ ಹಗುರ. ಹಿನ್ನೆಲೆಯ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ದು. ಮೂಲೆಯಲ್ಲಿರುವ ಅವರ ಹೆಸರನ್ನು ಅಂದ ಕೆಡುತ್ತೆ ಅಂತ ತೆಗೆಯಬೇಡಿ. ಅದು ಅವರ ಷರತ್ತು. ಸಾವಿರಾರು ಜನ ಸಂಬಳವಿಲ್ಲದೆ ಗುರುತಿಸಿದ ರಸ್ತೆಗಳವು, ಅಷ್ಟಾದರೂ ಮರ್ಯಾದೆ ಕೊಡಬೇಕಲ್ವಾ?

ಕೋಡ್ ಬರೆಯೋದು ಬೇಗ ಮುಗಿಯುತ್ತೆ. ಜಾಸ್ತಿ ಹೊತ್ತು ಹಿಡಿಯೋದು ಪಿನ್‌ಗಳನ್ನು ಸರಿಯಾದ ಜಾಗದಲ್ಲಿ ಕೂರಿಸೋದು. ಲೀಫ್‌ಲೆಟ್‌ಗೆ ಅಕ್ಷಾಂಶ ಮೊದಲು, ಜಾಗಗಳ ವಿವರ ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು. ಹಂಪಿ ಇರುವುದು ಸುಮಾರು 15.33, 76.46ರಲ್ಲಿ. ಇದು ತಿರುವುಮುರುವಾದರೆ ವಿರೂಪಾಕ್ಷ ದೇವಸ್ಥಾನ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ, ಸಮುದ್ರದಲ್ಲಿ ಕಾಣಿಸುತ್ತದೆ. ದಶಮಾಂಶದ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್‌ವರೆಗೆ ನಿಖರ. ಅದಕ್ಕಿಂತ ಜಾಸ್ತಿ ಬರೆದು ಪ್ರಯೋಜನವಿಲ್ಲ.

ಆದರೆ ನನಗೆ ಹೆಚ್ಚು ಪಾಠ ಕಲಿಸಿದ್ದು ತುಂಗಭದ್ರೆ. ಮ್ಯಾಪಿನಲ್ಲಿ ವಿಜಯ ವಿಠ್ಠಲ ದೇವಸ್ಥಾನದಿಂದ ಆನೆಗೊಂದಿ ಪಕ್ಕದಲ್ಲೇ ಇದೆ ಅನಿಸುತ್ತದೆ. ನಡುವೆ ಹೊಳೆ ಇದೆ! ತಳವಾರಘಟ್ಟದಲ್ಲಿ ದೋಣಿ ಸಿಕ್ಕರೆ ಬೇಗ ದಾಟಬಹುದು. ಹೊಸಪೇಟೆಯ ಜಲಾಶಯದಿಂದ ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಆಗ ಬುಕ್ಕಸಾಗರದ ಕಡೆಯ ಸೇತುವೆ ಸುತ್ತಿಕೊಂಡೇ ಬರಬೇಕು. ಸಾಮಾನು, ಮಕ್ಕಳು, ವಯಸ್ಸಾದವರ ಜೊತೆ ಬಂದವರಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ದೋಣಿಘಟ್ಟಕ್ಕೂ ಸೇತುವೆಗೂ ಬೇರೆ ಬಣ್ಣದ ಪಿನ್ ಇಡುತ್ತೇನೆ, "ಮಳೆಗಾಲದಲ್ಲಿ ಕೇಳಿಕೊಂಡು ಹೊರಡಿ" ಅಂತ ಅದರೊಳಗೆ ಬರೆಯುತ್ತೇನೆ. ಎರಡು ಪಿನ್ ನಡುವೆ ಸುಮ್ನೆ ನೇರ ಗೆರೆ ಎಳೆದು ದೂರ ತೋರಿಸುವುದಿಲ್ಲ.

ಇನ್ನೊಂದು ವಿಷಯ. ಪೇಜ್ ಕೆಳಗೆ ಸರಿಸಲು ಹೋದವರ ಬೆರಳು ಮ್ಯಾಪಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಫೋನಿನಲ್ಲಿ ಎರಡು ಬೆರಳಿಟ್ಟರೆ ಮಾತ್ರ ಮ್ಯಾಪ್ ಸರಿಯುವಂತೆ ಮಾಡಿ, ಕಂಪ್ಯೂಟರಿನಲ್ಲಿ ಮೌಸ್ ಚಕ್ರದ ಝೂಮ್ ನಿಲ್ಲಿಸಿ. ಮ್ಯಾಪಿನ ಕೆಳಗೆ ಅದೇ ಜಾಗಗಳ ಹೆಸರು, ದಾರಿಯನ್ನು ಅಕ್ಷರದಲ್ಲೂ ಬರೆದಿಡಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುತ್ತಾರೆ, ನೆಟ್ ಸರಿಯಾಗಿ ಸಿಗದವರು ಅದನ್ನೇ ಓದಿಕೊಂಡು ಬರುತ್ತಾರೆ.