ಪಿಕಪ್ ಹೊಸದೋ, ಸೆಕೆಂಡ್ ಹ್ಯಾಂಡೋ?

ಎರಡು ತಿಂಗಳಿಂದ ಮನೆಯಲ್ಲಿ ಇದೇ ಮಾತು. ನನಗೆ ಟೊಯೊಟಾದ ಹಿಲಕ್ಸ್ ಪಿಕಪ್ ಇಷ್ಟ, 2.8 ಲೀಟರ್ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್, ಆದರೆ ಹೊಸದರ ಬೆಲೆ ನಮ್ಮ ಅಡಿಕೆ ದುಡ್ಡಿಗೆ ನಿಲುಕುವುದಿಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್ ಹುಡುಕಲು ಹೊರಟೆ.

ಉಡುಪಿ ಕಡೆ ಹಳೆ ಪಿಕಪ್ ತಗೊಳ್ಳುವವರು ಮೊದಲು ಬಗ್ಗಿ ಚಾಸಿ, ಅಂದರೆ ಗಾಡಿಯನ್ನು ಹೊತ್ತ ಅಡಿಯ ಕಬ್ಬಿಣದ ಚೌಕಟ್ಟು, ನೋಡಲೇಬೇಕು. ಮಲ್ಪೆ ಬಂದರಿನಲ್ಲಿ ಮೀನು ಹೊತ್ತ ಗಾಡಿಯಾದರೆ ಐಸ್ ಕರಗಿದ ಉಪ್ಪುನೀರು ಸಂದಿಗಳಲ್ಲಿ ಇಳಿದು ಒಳಗಿಂದಲೇ ತುಕ್ಕು ಹಿಡಿಸಿರುತ್ತದೆ, ಮೇಲೆ ಬಣ್ಣ ಬಳಿದುಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ನಾನು ನೋಡಿದ ಮೊದಲ ಗಾಡಿಯೇ ಹಾಗಿತ್ತು. ಹಿಂದಿನ ಸ್ಪ್ರಿಂಗ್ ಕೂರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದೆ, ಪದರ ಪದರವಾಗಿ ಉದುರಿತು. ತುಂಬಾ ಬೇಜಾರಾಯಿತು. ಎಂಜಿನ್ ಆದರೆ ರಿಪೇರಿ ಮಾಡಿಸಬಹುದು, ಚಾಸಿ ಹೋದರೆ ಏನು ಮಾಡುವುದು, ಅಲ್ವಾ?

ಈಗ ಘಟ್ಟದ ಮೇಲೆ ಓಡಿದ ಗಾಡಿಗಳನ್ನೇ ನೋಡುತ್ತಿದ್ದೇನೆ. ಭಾನುವಾರ ಹಾಸನಕ್ಕೆ ಹೊರಟಿದ್ದೇನೆ, ಪರಿಚಯದ ಮೆಕ್ಯಾನಿಕ್ ಕೂಡ ಜೊತೆಗೆ ಬರುತ್ತಾರೆ.